ಹಿಮಗಾಲಕ್ಕೂ ಕ್ಲಿಪ್‌ಲೆಸ್ ಪೆಡಲ್

ಅಮೆರಿಕದ ಮಿನಿಯಾಪೊಲಿಸ್‌ನಲ್ಲಿ ಚಳಿಗಾಲದಲ್ಲೂ ಸೈಕಲ್ ತುಳಿದೇ ಕೆಲಸಕ್ಕೆ ಹೋಗುವವರು ಇದ್ದಾರೆ. ಹಳೆಯ ರೈಲು ದಾರಿಯನ್ನೇ ಸೈಕಲ್ ಹಾದಿ ಮಾಡಿದ ಮಿಡ್‌ಟೌನ್ ಗ್ರೀನ್‌ವೇಯಲ್ಲಿ ಹಿಮ ಬಿದ್ದರೆ ಯಂತ್ರ ಬಂದು ಬಳಿದುಹಾಕುತ್ತದೆ. ಅಂಥ ಹಾದಿಗೆ ಬೂಟನ್ನು ಕಚ್ಚಿ ಹಿಡಿಯುವ ಕ್ಲಿಪ್‌ಲೆಸ್ ಪೆಡಲ್ಲೇ ಸರಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಈ ಪೆಡಲ್‌ಗೂ ಹಿಮಕ್ಕೂ ಹಳೆಯ ನಂಟು. 1984ರಲ್ಲಿ ಇದನ್ನು ಮಾರುಕಟ್ಟೆಗೆ ತಂದ ಫ್ರಾನ್ಸಿನ ಲುಕ್ ಕಂಪನಿ ಬೂಟನ್ನು ಸ್ಕೀ ಹಲಗೆಗೆ ಬಿಗಿಯುವ ಬೈಂಡಿಂಗ್ ತಯಾರಿಕೆಯಲ್ಲಿ ಪಳಗಿತ್ತು. ಮರುವರ್ಷವೇ ಸೈಕಲ್ ಸ್ಪರ್ಧಿ ಬರ್ನಾರ್ ಇನೋ ಇದನ್ನು ತುಳಿದು ಟೂರ್ ಡಿ ಫ್ರಾನ್ಸ್ ಗೆದ್ದರು. 1990ರಲ್ಲಿ ಶಿಮಾನೊ ಕಂಪನಿ ತಂದ ಎಸ್‌ಪಿಡಿ ಮಾದರಿಯಲ್ಲಿ ಪೆಡಲ್ ಕಚ್ಚಿ ಹಿಡಿಯುವ ಪುಟ್ಟ ಉಕ್ಕಿನ ತುಂಡು, ಅಂದರೆ ಕ್ಲೀಟ್, ಅಟ್ಟೆಯೊಳಗೇ ಹುದುಗಿರುತ್ತದೆ. ಬೂಟು ಹಾಕಿಕೊಂಡೇ ಆರಾಮಾಗಿ ನಡೆಯಬಹುದು. ದಿನಬಳಕೆಗೆ ಇದೇ ಹೇಳಿ ಮಾಡಿಸಿದ್ದು.

ಗಟ್ಟಿಯಾದ ಹಿಮದ ಮೇಲೆ ಒಮ್ಮೆಲೇ ಜೋರಾಗಿ ತುಳಿದರೆ ಹಿಂದಿನ ಚಕ್ರ ಜಾರುತ್ತದೆ. ಪಾದ ಕಚ್ಚಿಕೊಂಡಿದ್ದರೆ ಸುತ್ತಿಡೀ ಒಂದೇ ಹದದಲ್ಲಿ ತುಳಿಯುವುದು ಸುಲಭ. ಒದ್ದೆ ಬೂಟು ಪೆಡಲ್ ಮೇಲಿಂದ ಜಾರುವ ಭಯವೂ ಇಲ್ಲ.

ತೊಂದರೆ ಕೊಡುವುದು ಚಳಿ. ಕ್ಲೀಟ್, ಬೋಲ್ಟ್, ಅಟ್ಟೆಯೊಳಗಿನ ತಗಡು ಎಲ್ಲವೂ ಲೋಹ. ಪಾದದ ಕಾವು ಆ ದಾರಿಯಲ್ಲೇ ಸೋರಿಹೋಗುತ್ತದೆ. ಒಳಹಾಸು ಎತ್ತಿ ಆ ತಗಡಿನ ಮೇಲೆ ದಪ್ಪ ಟೇಪ್ ಅಂಟಿಸಿ, ಮೇಲೊಂದು ಉಣ್ಣೆಯ ಹಾಸು ಹಾಕಿ. ಬೂಟು ಒಂದು ಅಳತೆ ದೊಡ್ಡದಿರಲಿ. ಬಿಗಿ ಬೂಟಿನಲ್ಲಿ ದಪ್ಪ ಕಾಲುಚೀಲ ತುರುಕಿದರೆ ರಕ್ತ ಓಡದೆ ಬೆರಳು ಇನ್ನಷ್ಟು ಮರಗಟ್ಟುತ್ತವೆ.

ಸಿಗ್ನಲ್‌ನಲ್ಲಿ ಕಾಲೂರಿದಾಗ ಕ್ಲೀಟ್ ಸುತ್ತ ಹಿಮ ತುಂಬಿ ಗಡ್ಡೆಕಟ್ಟುತ್ತದೆ, ಆಮೇಲೆ ಪೆಡಲ್ ಕಚ್ಚುವುದಿಲ್ಲ. ಹೊರಡುವ ಮುಂಚೆ ಕ್ಲೀಟ್ ಕೂತ ಕುಳಿಗೆ ತೆಳುವಾಗಿ ಗ್ರೀಸ್ ಸವರಿದರೆ ಹಿಮ ಅಷ್ಟು ಬೇಗ ಅಂಟದು. ಅಂಟಿದರೂ ಪೆಡಲ್ ಅಂಚಿಗೆ ಎರಡೇಟು ಹಾಕಿದರೆ ಉದುರುತ್ತದೆ. ಕಾಲು ಥಟ್ಟನೆ ಬಿಡಿಸಿಕೊಳ್ಳಬೇಕಲ್ಲ, ಅದಕ್ಕೆ 3 ಮಿ.ಮೀ. ಅಲೆನ್ ಕೀಯಿಂದ ಪೆಡಲ್‌ನ ಸ್ಪ್ರಿಂಗ್ ಸಡಿಲಿಸಿ. ಶಿಮಾನೊದ ಎಸ್‌ಎಚ್56 ಕ್ಲೀಟ್ ಹಾಕಿಸಿದರೆ ಹಿಮ್ಮಡಿಯನ್ನು ಯಾವ ಕಡೆಗೆ ತಿರುಚಿದರೂ ಕಾಲು ಬಿಡುತ್ತದೆ. ರಸ್ತೆಗೆ ಎರಚುವ ಉಪ್ಪು ಬೋಲ್ಟ್‌ಗಳಿಗೆ ತುಕ್ಕು ಹಿಡಿಸುವುದರಿಂದ ಚಳಿಗಾಲಕ್ಕೆ ಮೊದಲೇ ಅವನ್ನು ಬಿಚ್ಚಿ ಗ್ರೀಸ್ ಹಚ್ಚಿಡಿ.

ಮಳೆ ಬಿದ್ದು ದಾರಿಯೆಲ್ಲ ಗಾಜಿನಂತೆ ಹೆಪ್ಪುಗಟ್ಟಿದ ದಿನ ಮಾತ್ರ ಚಪ್ಪಟೆ ಪೆಡಲ್ ಹಾಕಿ. ಅಲ್ಲಿ ಕಾಲು ತಕ್ಷಣ ನೆಲ ಮುಟ್ಟುವುದೇ ಮುಖ್ಯ. ಉಳಿದ ದಿನಗಳಲ್ಲಿ, ಬೂಟು ಬೆಚ್ಚಗಿದ್ದು ಸ್ಪ್ರಿಂಗ್ ಹದವಾಗಿದ್ದರೆ, ಬೇಸಿಗೆಯಲ್ಲಿ ರೂಢಿಯಾದ ತುಳಿತವನ್ನು ಚಳಿಗಾಲದಲ್ಲಿ ಬಿಟ್ಟುಕೊಡಬೇಕಾಗಿಲ್ಲ.