ಮಂಟಪ ಕಳಚಿದ ಗೊಂಬೆಯಾಟ: ಜಿಮ್ ಹೆನ್ಸನ್ ಪರಂಪರೆ

ಅಮೆರಿಕದ ಟಿವಿಗೆ ಗೊಂಬೆಯಾಟವನ್ನು ಮೊದಲು ತಂದವರು ಜಿಮ್ ಹೆನ್ಸನ್ ಅಲ್ಲ. ಬರ್ ಟಿಲ್‌ಸ್ಟ್ರಾಮ್ ಅವರ ‘ಕುಕ್ಲಾ, ಫ್ರಾನ್ ಅಂಡ್ ಆಲಿ’ 1947ರಲ್ಲೇ ಶುರುವಾಗಿತ್ತು. ಅಲ್ಲಿ ಗೊಂಬೆಗಳು ಪುಟ್ಟ ರಂಗಮಂಟಪದಲ್ಲಿ ಆಡುತ್ತಿದ್ದವು, ಕ್ಯಾಮೆರಾ ಎದುರು ಕೂತ ಪ್ರೇಕ್ಷಕನ ಹಾಗೆ ನೋಡುತ್ತಿತ್ತು. 1955ರಲ್ಲಿ ವಾಷಿಂಗ್ಟನ್ನಿನ ಸ್ಥಳೀಯ ವಾಹಿನಿಗೆ ‘ಸ್ಯಾಮ್ ಅಂಡ್ ಫ್ರೆಂಡ್ಸ್’ ಎಂಬ ಐದು ನಿಮಿಷದ ಕಾರ್ಯಕ್ರಮ ಕೊಡಲು ಹೊರಟ ಹೆನ್ಸನ್‌ಗೆ ಆಗ ಹದಿನೆಂಟು ವರ್ಷ. ಅವರೂ ಮುಂದೆ ಅವರ ಪತ್ನಿಯಾದ ಜೇನ್ ನೆಬೆಲ್ ಅವರೂ ಆ ಮಂಟಪವನ್ನೇ ಕಿತ್ತುಹಾಕಿದರು. ಟಿವಿಯ ಚೌಕಟ್ಟೇ ರಂಗವಾಯಿತು. ನನ್ನ ಮಟ್ಟಿಗೆ ಹೆನ್ಸನ್ ಪಂಥದ ನಿಜವಾದ ಆರಂಭ ಇದು.

ಕ್ಯಾಮೆರಾ ಹತ್ತಿರ ಬಂದರೆ ಕೆತ್ತಿದ ಮರದ ಮುಖ ಸಾಲದು. ತಾಯಿಯ ಹಳೇ ಕೋಟಿನ ಬಟ್ಟೆಗೆ ಪಿಂಗ್‌ಪಾಂಗ್ ಚೆಂಡಿನ ಹೋಳುಗಳನ್ನು ಕಣ್ಣಾಗಿ ಅಂಟಿಸಿ ಹೆನ್ಸನ್ ಮಾಡಿದ ಕರ್ಮಿಟ್ ಎಂಬ ಗೊಂಬೆಯ ಮುಖವೆಂದರೆ ಒಳಗಿನ ಅಂಗೈಯೇ. ಬೆರಳು ಮಡಚಿದರೆ ಮುಖ ಸಿಂಡರಿಸುತ್ತದೆ, ಸಡಿಲಿಸಿದರೆ ಪೆಚ್ಚಾಗುತ್ತದೆ. ಆಡಿಸುವವರು ಕೈ ಮೇಲೆತ್ತಿ, ಕೆಳಗಿಟ್ಟ ಮಾನಿಟರ್‌ನಲ್ಲಿ ವೀಕ್ಷಕರು ಕಾಣುವ ಚಿತ್ರವನ್ನೇ ಕಾಣುತ್ತಾರೆ. ಅದು ಕನ್ನಡಿಯ ಬಿಂಬವಲ್ಲವಾದ್ದರಿಂದ ಅವರು ಬಲಕ್ಕೆ ಸರಿದರೆ ಪರದೆಯ ಗೊಂಬೆ ಎಡಕ್ಕೆ ಸರಿಯುತ್ತದೆ. ಈ ತಿರುವುಮುರುವು ಮೈಗೂಡಲು ಕಠಿಣ ಸಾಧನೆ ಬೇಕು. ಬಲಗೈ ಗೊಂಬೆಯ ತಲೆಗೆ ಮೀಸಲಾಗುವುದರಿಂದ ಈ ಗೊಂಬೆಗಳಲ್ಲಿ ಬಹುಪಾಲು ಎಡಚರು.

ಈ ಶಿಸ್ತಿನ ಫಲ 1969ರಲ್ಲಿ ಶುರುವಾದ, ಹೆನ್ಸನ್ ಗೊಂಬೆಗಳಿದ್ದ ಮಕ್ಕಳ ಕಾರ್ಯಕ್ರಮ ‘ಸೆಸಮಿ ಸ್ಟ್ರೀಟ್’ನಲ್ಲಿ ಕಾಣುತ್ತದೆ. ಅಲ್ಲಿ ಅಂಗಡಿಯ ಹೂಪರ್ ಪಾತ್ರ ಮಾಡುತ್ತಿದ್ದ ವಿಲ್ ಲೀ 1982ರಲ್ಲಿ ತೀರಿಕೊಂಡಾಗ, ತಯಾರಕರು ಇನ್ನೊಬ್ಬ ನಟನನ್ನು ತರಲಿಲ್ಲ. ಮರುವರ್ಷದ ಒಂದು ಕಂತಿನಲ್ಲಿ ದೊಡ್ಡ ಹಕ್ಕಿಗೊಂಬೆ ಬಿಗ್ ಬರ್ಡ್ ಎಲ್ಲರ ಚಿತ್ರ ಬರೆದು ಹಂಚುತ್ತಾನೆ. ಹೂಪರ್ ಚಿತ್ರ ಮಾತ್ರ ಕೈಯಲ್ಲೇ ಉಳಿಯುತ್ತದೆ. ಸತ್ತವರು ಮರಳಿ ಬರುವುದಿಲ್ಲ ಎಂದು ದೊಡ್ಡವರು ನೇರವಾಗಿ ಹೇಳುತ್ತಾರೆ. ಬಿಗ್ ಬರ್ಡ್ ವೇಷದೊಳಗಿನ ಕ್ಯಾರಲ್ ಸ್ಪಿನ್ನಿ ತಲೆಯ ಮೇಲೆ ಚಾಚಿದ ಒಂದು ಕೈಯಲ್ಲಿ ಕೊಕ್ಕನ್ನೂ ಅದೇ ಕೈಯ ಕಿರುಬೆರಳಿನಲ್ಲಿ ರೆಪ್ಪೆಯನ್ನೂ ಆಡಿಸುತ್ತ ಆ ಹಕ್ಕಿಯ ಗಲಿಬಿಲಿಯನ್ನು ನಮಗೆ ಮುಟ್ಟಿಸುತ್ತಾರೆ. ಮಕ್ಕಳ ದುಃಖವನ್ನು ಇಷ್ಟು ಗೌರವದಿಂದ ಕಂಡ ಟಿವಿ ಅಪರೂಪ.

ಪಂಥದ ಕೊರತೆಯನ್ನೂ ಹೇಳಲೇಬೇಕು. ಅಮೆರಿಕದ ವಾಹಿನಿಗಳು ಒಲ್ಲೆವೆಂದ ‘ದಿ ಮಪೆಟ್ ಶೋ’ಗೆ ಇಂಗ್ಲೆಂಡಿನಲ್ಲಿ ಲೂ ಗ್ರೇಡ್ ಜಾಗ ಕೊಟ್ಟರು. 1976ರಿಂದ 1981ರವರೆಗೆ 120 ಕಂತುಗಳು ಬಂದವು. ಆದರೆ ಅದರ ಮುಖ್ಯ ಗೊಂಬೆಯಾಟಗಾರರು ಹೆಚ್ಚುಕಮ್ಮಿ ಎಲ್ಲರೂ ಗಂಡಸರು. ಹೆಣ್ಣುಗೊಂಬೆ ಮಿಸ್ ಪಿಗ್ಗಿಯ ಕೈಯೂ ದನಿಯೂ ಫ್ರಾಂಕ್ ಆಜ್ ಅವರವು. ಜೇನ್ ಜೊತೆ ಮೊದಲಾದ ಆಟದಲ್ಲಿ ಹೆಂಗಸರ ಪಾಲು ಹೀಗೆ ಸೊರಗಿದ್ದು ಸಣ್ಣ ಲೋಪವಲ್ಲ.

1990ರ ಮೇ 16ರಂದು, 53ನೇ ವಯಸ್ಸಿನಲ್ಲಿ ಹೆನ್ಸನ್ ತೀರಿಕೊಂಡರು. 2004ರಲ್ಲಿ ಕರ್ಮಿಟ್ ಮೊದಲಾದ ಮಪೆಟ್ ಗೊಂಬೆಗಳು ಡಿಸ್ನಿಯ ಸ್ವತ್ತಾದವು. ಹೆನ್ಸನ್ ಆಡಿಸುತ್ತಿದ್ದ ಕರ್ಮಿಟ್‌ಗೆ ಬೇರೆ ಕಲಾವಿದರು ಬಂದರು. ದನಿ ಹೋಲುತ್ತದೋ ಇಲ್ಲವೋ ಎಂಬುದೇ ಚರ್ಚೆಯಾದಾಗ ಕಲೆ ಅನುಕರಣೆಗೆ ಇಳಿಯುತ್ತದೆ. ಹೆನ್ಸನ್–ಆಜ್ ಜೋಡಿಯ ಸೊಗಸು ಇದ್ದದ್ದು ಒಬ್ಬರ ಮಾತಿಗೆ ಇನ್ನೊಬ್ಬರ ಕೈ ಥಟ್ಟನೆ ಸ್ಪಂದಿಸುವುದರಲ್ಲಿ.

ಪಂಥದ ಬಾಳಿಕೆಯನ್ನು ಬೇರೆಡೆ ಹುಡುಕುವುದು ಮೇಲು. ‘ಸೆಸಮಿ ಸ್ಟ್ರೀಟ್’ನ ದಕ್ಷಿಣ ಆಫ್ರಿಕಾದ ರೂಪ ‘ಟಕಲಾನಿ ಸೆಸಮಿ’ 2002ರಲ್ಲಿ ಎಚ್‌ಐವಿ ಇರುವ ಕಾಮಿ ಎಂಬ ಗೊಂಬೆಯನ್ನು ತಂದಿತು. 2006ರಲ್ಲಿ ನಮ್ಮಲ್ಲೇ ಅದರ ಹಿಂದಿ ರೂಪ ‘ಗಲಿ ಗಲಿ ಸಿಮ್ ಸಿಮ್’ ಚಮ್ಕಿ ಎಂಬ ಹುಡುಗಿ ಗೊಂಬೆಯನ್ನು ಕೊಟ್ಟಿತು. ಕರ್ಮಿಟ್‌ನನ್ನು ಕಾಪಿಡುವುದಕ್ಕಿಂತ, ಆ ಕೈಚಳಕ ಕಲಿತು ತಮ್ಮೂರಿನ ಮಕ್ಕಳ ಕಷ್ಟಸುಖಕ್ಕೆ ಹೊಸ ಮುಖ ಕಟ್ಟುವವರೇ ಹೆನ್ಸನ್‌ರ ನಿಜವಾದ ವಾರಸುದಾರರು.