ಯಾರ್ಕ್ ಭೂಶಿರದ ದಾರಿ: ಒಂದು ಪುಸ್ತಕ, ಎರಡು ಕಥನ

ಪ್ರವಾಸ ಸಾಹಿತ್ಯವೆಂದರೆ ಊರುಗಳ ವರ್ಣನೆಯೆಂದು ನಮ್ಮಲ್ಲಿ ಅನೇಕರ ಭಾವನೆ. ಕಂಡ ಗುಡಿ, ಉಂಡ ಊಟ, ತಂಗಿದ ಛತ್ರ, ಇವನ್ನು ಸರಸವಾಗಿ ಬರೆದರೆ ಪ್ರವಾಸ ಕಥನವಾಯಿತು. ಆದರೆ ಕೆಲವು ಸ್ಥಳಗಳ ವಿಚಾರದಲ್ಲಿ ಈ ಮಾತು ಸಲ್ಲದು. ಅಲ್ಲಿ ಸೇರುವ ಊರಿಗಿಂತ ಸವೆಸುವ ದಾರಿಯೇ ದೊಡ್ಡದು. ಆಸ್ಟ್ರೇಲಿಯಾ ಖಂಡದ ಉತ್ತರದ ತುದಿಯಾದ ಯಾರ್ಕ್ ಭೂಶಿರವು ಅಂಥ ಸ್ಥಳಗಳಲ್ಲೊಂದು. ಭೂಗೋಳದ ಪಾಠದಲ್ಲಿ ನಾವು ಭೂಪಟದ ಮೇಲೆ ಕೋಲನ್ನೂರಿ ಹೆಸರು ಹೇಳಿ ಮುಂದೆ ಸಾಗುವ ಆ ಮೊನೆಯನ್ನು ನೆಲದ ಮೇಲೆ ನಡೆದು ಸೇರಲು ಹೊರಟವರ ಕಥನಗಳನ್ನು ಇತ್ತೀಚೆಗೆ ಓದಿದೆವು. ಆ ನಾಡನ್ನು ನಾವು ಕಂಡವರಲ್ಲ. ಇಲ್ಲಿ ನಾವು ವಿಮರ್ಶಿಸುವುದು ಬರಹವನ್ನು ಮಾತ್ರ.

ಮೊದಲು ಇಂದಿನ ದಾರಿಯ ಮಾತು. ಕೇರ್ನ್ಸ್ ಪಟ್ಟಣದಿಂದ ಭೂಶಿರದ ತುದಿಗೆ ಸುಮಾರು 1000 ಕಿಲೋಮೀಟರು. ಲಾರಾ, ಕೋಯೆನ್ ಎಂಬ ಸಣ್ಣ ಊರುಗಳನ್ನು ದಾಟಿ ಉತ್ತರಕ್ಕೆ ಹೋದಂತೆ ಡಾಮರು ಮುಗಿದು, ತಗಡಿನ ಮಾಡಿನಂತೆ ಅಲೆಯಲೆಯಾದ ಕೆಂಪು ಮಣ್ಣಿನ ರಸ್ತೆ ಸಿಗುತ್ತದೆ. ಅದಕ್ಕೂ ಮುಂದೆ 1880ರ ದಶಕದಲ್ಲಿ ಹಾಕಿದ ತಂತಿ ಮಾರ್ಗದ ಹಳೆಯ ಜಾಡಿದೆ. ಸೇತುವೆಯಿಲ್ಲದ ತೊರೆಗಳಿಗೆ ಬಂಡಿಯನ್ನು ಇಳಿಸಿ ಹತ್ತಿಸಬೇಕು. ಜಾರ್ಡೀನ್ ಹೊಳೆಯಲ್ಲಿ ಮೊಸಳೆಗಳಿವೆ. ಅಲ್ಲಿ ವಾಹನಗಳನ್ನು ಏರಿಸಿಕೊಂಡು ಆಚೆ ದಡಕ್ಕೆ ಮುಟ್ಟಿಸುವ ದೋಣಿಯುಂಟು. ಮಳೆಗಾಲದ ತಿಂಗಳುಗಳಲ್ಲಿ, ಎಂದರೆ ಸುಮಾರು ಡಿಸೆಂಬರಿನಿಂದ ಏಪ್ರಿಲಿನವರೆಗೆ, ಹೊಳೆಗಳೇರಿ ದಾರಿಯೇ ಕಡಿದುಹೋಗುತ್ತದೆ. ಕೊನೆಗೆ ಬಂಡಿ ಬಿಟ್ಟು ಬಂಡೆಗಳ ಮೇಲೆ ಕಾಲ್ನಡಿಗೆ, ಆಮೇಲೆ ಸಮುದ್ರ. 1770ರಲ್ಲಿ ಹಡಗಿನಿಂದ ನೋಡಿದ ಕುಕ್ಕನು ಇದಕ್ಕೆ ಒಬ್ಬ ಡ್ಯೂಕನ ಹೆಸರನ್ನಿಟ್ಟನು. ಅಲ್ಲಿಯ ಮೂಲಜನರು ಈ ತುದಿಯನ್ನು ಕರೆಯುವುದು ಪಜಿಂಕಾ ಎಂದು.

ಈ ದಾರಿಯಲ್ಲಿ ಹೋಗಿಬಂದ ಇಂದಿನ ಪ್ರವಾಸಿಗರು ಬರೆದುದು ಬಹಳ. ಅವುಗಳಲ್ಲಿ ಹೆಚ್ಚಿನವಕ್ಕೆ ಒಂದೇ ಎರಕ. ತೊರೆಯು ಪ್ರತಿನಾಯಕ, ಬಂಡಿಯು ನಾಯಕ, ಒಡೆದ ಟಯರು ಯುದ್ಧದ ಗಾಯ, ತುದಿಯಲ್ಲಿ ತೆಗೆಸಿದ ಭಾವಚಿತ್ರವೇ ಪಟ್ಟಾಭಿಷೇಕ. ದಾರಿಯನ್ನು ಗೆದ್ದೆವು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ದಾರಿಯು ತಮಗೇನು ಮಾಡಿತು, ಜೊತೆಗಿದ್ದವನು ಯಾರು, ಯಾರ ನೆಲದ ಮೇಲೆ ನಡೆದೆವು ಎಂಬ ಪ್ರಶ್ನೆಗಳು ಅಲ್ಲಿ ಅಪರೂಪ. ಈ ಕೊರತೆಯನ್ನು ಮನಸ್ಸಿನಲ್ಲಿಟ್ಟುಕೊಂಡು ನಾವು ಹಳೆಯ ಪುಸ್ತಕವೊಂದನ್ನು ತೆರೆದೆವು.

ಅದು 1849ರಲ್ಲಿ ಸಿಡ್ನಿಯಲ್ಲಿ ಅಚ್ಚಾದ, ವಿಲಿಯಂ ಕ್ಯಾರನ್ನನ ಕಥನ. ಹಿಂದಿನ ವರ್ಷ ಎಡ್ಮಂಡ್ ಕೆನಡಿ ಎಂಬ ಭೂಮಾಪಕನು, ಪೂರ್ವ ತೀರದ ರಾಕಿಂಗ್‌ಹ್ಯಾಮ್ ಕೊಲ್ಲಿಯಿಂದ ಯಾರ್ಕ್ ಭೂಶಿರದವರೆಗೆ ನೆಲದ ದಾರಿಯನ್ನು ಕಂಡುಹಿಡಿಯಲು ಹೊರಟನು. ಅವನೂ ಸೇರಿ ಹದಿಮೂರು ಮಂದಿ. 28 ಕುದುರೆ, 100 ಕುರಿ, ಮೂರು ಗಾಡಿ, ಒಂದು ಟನ್ನು ಗೋಧಿಹಿಟ್ಟು. ತುದಿಯಲ್ಲಿ ಹಡಗೊಂದು ಕಾದಿರಬೇಕೆಂದು ಏರ್ಪಾಟು. 1848ರ ಮೇ ತಿಂಗಳಲ್ಲಿ ಇಳಿದವರಿಗೆ ಎದುರಾದುದು ಕಾಂಡ್ಲಾ ಗಿಡಗಳ ಕೆಸರು. ಅದನ್ನು ದಾಟಿದರೆ ಮುಳ್ಳುಬೆತ್ತದ ಕಾಡು. ಉತ್ತರಕ್ಕೆ ಹೋಗಬೇಕಾದವರು ದಾರಿಗಾಣದೆ ಮೊದಲು ದಕ್ಷಿಣದತ್ತ ಸುತ್ತಬೇಕಾಯಿತು. ಜುಲೈ ತಿಂಗಳಲ್ಲಿಯೇ ಗಾಡಿಗಳನ್ನು ಬಿಟ್ಟುಬಿಟ್ಟರು. ನವೆಂಬರಿನಲ್ಲಿ ವೇಮತ್ ಕೊಲ್ಲಿಯ ಬಳಿ ಎಂಟು ಮಂದಿಯನ್ನು ಕ್ಯಾರನ್ನನ ವಶದಲ್ಲಿ ಉಳಿಸಿ, ಕೆನಡಿಯು ನಾಲ್ವರೊಡನೆ ಮುಂದೆ ನಡೆದನು.

ಕ್ಯಾರನ್ನನು ಸಸ್ಯಶಾಸ್ತ್ರಜ್ಞ. ಅವನ ಬರಹದ ಗುಣವೂ ದೋಷವೂ ಅಲ್ಲಿಂದಲೇ ಬಂದವು. ಗಿಡವನ್ನು ಕಂಡಲ್ಲಿ ಅವನು ನಿಲ್ಲುತ್ತಾನೆ, ಹೆಸರು ಹೇಳುತ್ತಾನೆ. ತೂಕ, ದಿಕ್ಕು, ದಿನ ಯಾವುದನ್ನೂ ಬಿಡುವುದಿಲ್ಲ. ಸುಳ್ಳಾಡದ ಗದ್ಯ ಅದು. ಮುಳ್ಳುಬೆತ್ತವು ಬಟ್ಟೆಯನ್ನೂ ಚರ್ಮವನ್ನೂ ಹಿಡಿದು ಬಿಡದ ಪರಿಯನ್ನು ಓದುವಾಗ, ನಮ್ಮ ಘಟ್ಟದ ಕಾಡಿನಲ್ಲಿ ಬೆತ್ತ ಕಡಿದವರಿಗೆ ಅನುಮಾನ ಬಾರದು. ಆದರೆ ಇದೇ ಶಿಸ್ತು ಮನುಷ್ಯರ ವಿಷಯದಲ್ಲಿ ಅವನನ್ನು ಕಟ್ಟಿಹಾಕುತ್ತದೆ. ವೇಮತ್ ಕೊಲ್ಲಿಯ ಬಿಡಾರದಲ್ಲಿ ಹಸಿವಿನಿಂದ ಒಬ್ಬೊಬ್ಬರಾಗಿ ಆರು ಮಂದಿ ಸತ್ತರು. ಡಿಸೆಂಬರ್ 30ರಂದು ನೆರವು ಬಂದಾಗ ಉಳಿದವರು ಇಬ್ಬರೇ, ಅವರಲ್ಲೊಬ್ಬನು ಕ್ಯಾರನ್ನನು. ಆ ಭಾಗವನ್ನು ಅವನು ದಿನಚರಿಯ ಹದವನ್ನು ಮೀರದೆ ಬರೆದಿದ್ದಾನೆ. ಅದು ಸಂಯಮವೆಂದು ನಾವು ಮೆಚ್ಚಿದೆವು. ಆದರೆ ಸತ್ತವರ ಮುಖಗಳು ನಮಗೆ ಕಾಣಿಸಲಿಲ್ಲವೆಂಬುದನ್ನೂ ಹೇಳಬೇಕು.

ಇದಕ್ಕಿಂತ ಮುಖ್ಯವಾದ ಸಂಗತಿ ಇನ್ನೊಂದಿದೆ. ಈ ಪುಸ್ತಕವು ಯಾರ್ಕ್ ಭೂಶಿರದ ದಾರಿಯ ಕಥೆ. ಆದರೆ ಬರೆದವನು ಆ ದಾರಿಯನ್ನು ಮುಗಿಸಲಿಲ್ಲ. ಕೊನೆಯ ಭಾಗ ಅವನು ನಡೆಯದ ನೆಲ. ಆದುದರಿಂದ ಪುಸ್ತಕವು ಅಲ್ಲಿ ಬೇರೊಬ್ಬನ ಮಾತನ್ನು ಆಶ್ರಯಿಸುತ್ತದೆ. ಅವನು ಗಲ್ಮಾರಾ. ಬಿಳಿಯರು ಅವನನ್ನು ಕರೆದುದು ಜ್ಯಾಕಿ ಜ್ಯಾಕಿ ಎಂದು. ಕೆಲವರು ಅವನು ಮೂಲನಿವಾಸಿಯಾದ್ದರಿಂದ ದಾರಿ ಬಲ್ಲವನಾಗಿದ್ದನೆಂದು ಊಹಿಸಬಹುದು. ಅದು ಸರಿಯಲ್ಲ. ಅವನ ನಾಡು ಎರಡು ಸಾವಿರ ಕಿಲೋಮೀಟರಿಗೂ ಆಚೆ, ದಕ್ಷಿಣದ ಹಂಟರ್ ಕಣಿವೆ. ಆ ಕಾಡು ಅವನಿಗೂ ಪರನಾಡು. ಹೇಳಿಕೆ ಕೊಟ್ಟ ಇಂಗ್ಲಿಷು ಅವನಿಗೆ ಪರಭಾಷೆ.

ಅವನ ಹೇಳಿಕೆ ಕೆಲವೇ ಪುಟಗಳದು. ಮೂವರು ಬಿಳಿಯರು ದಾರಿಯಲ್ಲಿ ಉಳಿದ ಮೇಲೆ ಕೆನಡಿಯೂ ಅವನೂ ಇಬ್ಬರೇ ಮುಂದೆ ಹೋದುದು, ಎಸ್ಕೇಪ್ ಹೊಳೆಯ ಸಮೀಪದಲ್ಲಿ ಅಲ್ಲಿಯ ಜನರ ಈಟಿಗಳು ಕೆನಡಿಯನ್ನು ಹೊಡೆದುದು, ತಾನೂ ಗಾಯಗೊಂಡುದು. ಈಟಿಯನ್ನು ಚಾಕುವಿನಿಂದ ಬಿಡಿಸಿದ ಬಗೆಯನ್ನು ಅವನು ಹೇಳುತ್ತಾನೆ. ತನ್ನನ್ನು ಬಿಟ್ಟುಹೋಗುವಿರಾ ಎಂದು ಒಡೆಯನನ್ನು ಕೇಳಿದುದನ್ನು ಹೇಳುತ್ತಾನೆ. ಕೆನಡಿಯು ಬರೆಯಲು ಕಾಗದ ಬೇಡಿದನು, ಇವನು ಕೊಟ್ಟನು. ಬರೆಯಲು ಯತ್ನಿಸುತ್ತಲೇ ಕೆನಡಿ ಹಿಂದಕ್ಕೆ ಬಿದ್ದು ಸತ್ತನು. ಇವನು ಹಿಡಿದುಕೊಂಡನು, ಅತ್ತನು, ಮಣ್ಣು ಮಾಡಿದನು. ಆಮೇಲೆ ಬೆನ್ನಟ್ಟಿದವರಿಂದ ತಪ್ಪಿಸಿಕೊಳ್ಳಲು ತೊರೆಯ ನೀರಿನಲ್ಲಿ ತಲೆಯಷ್ಟನ್ನೇ ಮೇಲಿಟ್ಟು ನಡೆದು, ದಿನಗಟ್ಟಲೆ ಹಸಿದು ಅಲೆದು, ಡಿಸೆಂಬರ್ 23ರಂದು ಆಲ್ಬನಿ ಬಂದರಿನಲ್ಲಿ ಕಾದಿದ್ದ ಏರಿಯಲ್ ಹಡಗನ್ನು ಸೇರಿದನು. ಹದಿಮೂರು ಮಂದಿಯಲ್ಲಿ ಬದುಕಿದವರು ಮೂವರು. ನೆಲದ ದಾರಿಯಿಂದ ಹಡಗನ್ನು ಮುಟ್ಟಿದವನು ಇವನೊಬ್ಬನೇ.

ಬಲ್ಲವನು ಬರೆಯಲು ಹೋಗಿ ಬರೆಯಲಾರದೆ ಬಿದ್ದ ಸ್ಥಳದಿಂದ, ಬರೆಯದವನ ಮಾತು ಮುಂದೆ ನಡೆದು ಸಮುದ್ರವನ್ನು ಮುಟ್ಟಿತು. ಇದನ್ನು ಯಾವ ಕವಿಯೂ ಕಲ್ಪಿಸಿದುದಲ್ಲ, ನಡೆದುದೇ ಹೀಗೆ.

ಇಲ್ಲಿ ಆಕ್ಷೇಪವೊಂದು ಏಳಬಹುದು. ಘಟನೆಯೇ ಕರುಣಾಜನಕವಾಗಿರುವಾಗ ಹೇಳಿದವನ ಹೆಚ್ಚುಗಾರಿಕೆಯೇನು? ನಮ್ಮ ಉತ್ತರವಿದು. ಕರುಣ ರಸವನ್ನು ಕೆಡಿಸುವುದು ಸುಲಭ. ತನ್ನ ನಿಷ್ಠೆಯ ಬಗ್ಗೆ ಒಂದು ಮಾತನ್ನಾಡಿದ್ದರೂ ಸಾಕಿತ್ತು. ಆ ಮಾತನ್ನು ಇತರರು ಆಡಿದರು. ಸಿಡ್ನಿಯ ಸೇಂಟ್ ಜೇಮ್ಸ್ ಚರ್ಚಿನ ಅಮೃತಶಿಲೆಯಲ್ಲಿ ಅದು ಕೊರೆದಿದೆ, ಸರಕಾರವು ಕೊಟ್ಟ ಬೆಳ್ಳಿಯ ಎದೆಫಲಕದಲ್ಲಿಯೂ ಅದು ಇದೆ. ಹೇಳಿಕೆಯಲ್ಲಿ ಅದಿಲ್ಲ. ಅಲ್ಲಿರುವುದು ಕೈ ಮಾಡಿದ ಕೆಲಸ, ಕಿವಿ ಕೇಳಿದ ಮಾತು, ಅವು ನಡೆದ ಅನುಕ್ರಮ. ಆಮೇಲೆ, ಆಮೇಲೆ ಎಂಬ ಒಂದೇ ಕೊಂಡಿಯಿಂದ ವಾಕ್ಯಗಳು ಹೆಣೆದುಕೊಳ್ಳುತ್ತವೆ. ನಿತ್ರಾಣನಾದವನು ಒಂದೊಂದೇ ಹೆಜ್ಜೆ ಕೀಳುವಂತೆ ಆ ವಾಕ್ಯಗಳು ನಡೆಯುತ್ತವೆ. ವ್ಯಾಕರಣ ಅಲ್ಲಲ್ಲಿ ಮುರಿದಿದೆ. ಔಚಿತ್ಯ ಎಲ್ಲಿಯೂ ಮುರಿದಿಲ್ಲ. ವಿಧಿವತ್ತಾಗಿ ಓದದೆಯೂ ಕಾವ್ಯದ ಮಾತನ್ನು ಬಲ್ಲ ಜನರನ್ನು ಹೊಗಳಿದ ಕವಿರಾಜಮಾರ್ಗದ ನಾಡವರಾದ ನಮಗೆ ಇದು ಹೊಸ ಮಾತೇನೂ ಆಗಬಾರದು.

ಹೇಳಿಕೆಯನ್ನು ಬರೆದುಕೊಂಡ ಕೈ ಬೇರೆ ಎಂಬುದನ್ನು ವಿಮರ್ಶಕನು ಮರೆಯಬಾರದು. ಆದರೆ ಆ ಕೈ ಅವನ ಮಾತಿನ ಜಾಡನ್ನು ಬಹುಮಟ್ಟಿಗೆ ಹಾಗೆಯೇ ಬಿಟ್ಟಿತು. ಅದನ್ನು ಸಿಡ್ನಿಯ ಮಹನೀಯರ ಇಂಗ್ಲಿಷಿಗೆ ತಿರುಗಿಸಲಿಲ್ಲ. ತಿದ್ದದೆ ಬಿಟ್ಟುದೂ ಒಂದು ಉಪಕಾರವೇ. ಪುಸ್ತಕದ ದೊಡ್ಡ ಕೊರತೆ ಬೇರೆಡೆ ಇದೆ. ಈಟಿ ಹಿಡಿದವರು ಕ್ಯಾರನ್ನನಲ್ಲಿಯೂ ಗಲ್ಮಾರಾನಲ್ಲಿಯೂ ಭಯದ ಕಾರಣವಾಗಿಯೇ ಬರುತ್ತಾರೆ. ಅವರ ಮನೆಯಂಗಳದ ಮೇಲೆ ಈ ದಾರಿ ಹೋಯಿತು. ಅವರ ಮಾತು ಮಾತ್ರ ಯಾವ ಪುಟದಲ್ಲಿಯೂ ಇಲ್ಲ. ಮೂರನೆಯ ಆ ಕಥನ ಸಿಕ್ಕದೆ ಈ ದಾರಿಯ ಕಥೆ ಪೂರ್ಣವಾಗದು.

ಕೊನೆಯಲ್ಲಿ, ಅಧ್ಯಾಪಕ ಮಿತ್ರರಲ್ಲಿ ಒಂದು ತಪ್ಪೊಪ್ಪಿಗೆ. ಕೆಲವು ವರ್ಷಗಳ ಹಿಂದೆ ಐದನೆಯ ತರಗತಿಗೆ, ತಾವು ಮಾಡಿದ ಪ್ರಯಾಣವೊಂದನ್ನು ಕುರಿತು ಪ್ರಬಂಧ ಬರೆಯಿರೆಂದಿದ್ದೆವು. ಮನೆಯಲ್ಲಿ ಮಲಯಾಳ, ಶಾಲೆಯಲ್ಲಿ ಕನ್ನಡವೆಂಬ ಹುಡುಗನೊಬ್ಬನು, ಮಳೆಗಾಲದ ರಾತ್ರಿ ಅಜ್ಜಿಯನ್ನು ಕುರ್ಚಿಯಲ್ಲಿ ಹೊತ್ತು ಆಸ್ಪತ್ರೆಗೆ ಒಯ್ದುದನ್ನು ಬರೆದನು. ಮತ್ತೆ ನಾವು ಗುಡ್ಡ ಇಳಿದೆವು. ಮತ್ತೆ ಮಳೆ ಜೋರಾಯಿತು. ಮತ್ತೆ ಅಪ್ಪ ಅಜ್ಜಿಯನ್ನು ಕರೆದರು. ಮತ್ತೆ ಅಜ್ಜಿ ಮಾತಾಡಲಿಲ್ಲ. ನಾವು ಪ್ರತಿಯೊಂದು 'ಮತ್ತೆ'ಗೂ ಕೆಂಪು ಶಾಯಿಯ ಗೆರೆ ಎಳೆದೆವು. ಪುನರುಕ್ತಿ ದೋಷವೆಂದು ಬದಿಯಲ್ಲಿ ಬರೆದು ಹತ್ತಕ್ಕೆ ಮೂರು ಅಂಕ ಕೊಟ್ಟೆವು. ಹುಡುಗನು ಪುಸ್ತಕವನ್ನು ತೆಗೆದುಕೊಂಡು ಏನೂ ಹೇಳದೆ ತನ್ನ ಮಣೆಗೆ ಹೋದನು. ಆ ವರ್ಷ ಅವನು ಮತ್ತೊಂದು ಪ್ರಬಂಧವನ್ನು ಬರೆದುದು ನಮ್ಮ ನೆನಪಿನಲ್ಲಿಲ್ಲ.

ಗಲ್ಮಾರಾನ ಹೇಳಿಕೆಯನ್ನು ನಿಘಂಟು ಪಕ್ಕದಲ್ಲಿಟ್ಟು ಓದುತ್ತಿದ್ದ ರಾತ್ರಿ ನಮಗೆ ನೆನಪಾದುದು ಆ ನಾಲ್ಕು 'ಮತ್ತೆ'ಗಳು. ಶುದ್ಧ ಭಾಷೆಯನ್ನು ಕಲಿಸುವುದು ನಮ್ಮ ಕೆಲಸ; ಗಡಿಯಾಚೆಯ ಈ ನೆಲದಲ್ಲಿ ಆ ಕೆಲಸವನ್ನು ಬಿಟ್ಟರೆ ಕನ್ನಡ ಉಳಿಯದು ಎಂಬುದನ್ನು ನಾವು ಬಲ್ಲೆವು. ಆದರೆ ತಿದ್ದುವ ಮೊದಲು ಓದಬೇಕು. ಮಗು ಎಲ್ಲಿಗೆ ಹೋಗಿಬಂದಿದೆಯೆಂದು ತಿಳಿದ ಮೇಲೆ ಶಾಯಿಯ ದವತಿಯನ್ನು ತೆರೆದರೂ ತಡವಾಗದು.