ಶ್ರೀ ಜಯಚಾಮರಾಜೇಂದ್ರ ಒಡೆಯರ ಪಿಯಾನೋ

ಕೊಲ್ಲೂರಿನ ಶ್ರೀ ಮೂಕಾಂಬಿಕಾ ದೇವಾಲಯದ ಸರಸ್ವತೀ ಮಂಟಪದಲ್ಲಿ ಗಾನ, ವಾದನ, ನರ್ತನಗಳ ಸೇವೆ ಸಲ್ಲಿಸಲು ನಾನಾ ದಿಕ್ಕುಗಳಿಂದ ಕಲಾವಿದರು ಬರುವುದು ವಾಚಕರಿಗೆ ತಿಳಿದ ವಿಷಯವೇ ಆಗಿದೆ. ವೀಣೆ, ಕೊಳಲು, ಪಿಟೀಲುಗಳಿಗೆ ಅಲ್ಲಿ ಎಡೆಯುಂಟು. ಪಿಯಾನೋ ಎಂಬ ಪಾಶ್ಚಾತ್ಯ ವಾದ್ಯದ ಪ್ರಸ್ತಾಪವನ್ನು ಆ ಸನ್ನಿಧಿಯಲ್ಲಿ ಎತ್ತಿದರೆ ಕೇಳಿದವರು ನಕ್ಕಾರು. ನಾಲ್ಕಾರು ಆಳುಗಳು ಹೊರಬೇಕಾದ ಆ ಪೆಟ್ಟಿಗೆಯು ಕೊಡಚಾದ್ರಿಯ ತಪ್ಪಲಿನ ಒಂದು ಮಳೆಗಾಲಕ್ಕೇ ಶ್ರುತಿಗೆಟ್ಟೀತು. ಆದರೂ ದೇವಿಯ ಉಪಾಸನೆಯೂ ಆ ವಾದ್ಯದ ವ್ಯಾಸಂಗವೂ ಒಬ್ಬರೇ ಪುರುಷರಲ್ಲಿ ನೆಲೆಗೊಂಡ ಪ್ರಸಂಗವು ಕೊಡಚಾದ್ರಿಯ ಆಚೆಗಿನ ಸೀಮೆಯಲ್ಲಿಯೇ ನಡೆದಿದೆ. ಆಗ ಕೊಲ್ಲೂರು ಮದರಾಸು ಆಧಿಪತ್ಯಕ್ಕೆ ಸೇರಿತ್ತು. ಬೆಟ್ಟದ ಮೂಡಣ ಮಗ್ಗುಲು ಮೈಸೂರು ಸಂಸ್ಥಾನವಾಗಿತ್ತು. ಆ ಸಂಸ್ಥಾನದ ಕಡೆಯ ದೊರೆಗಳಾದ ಶ್ರೀ ಜಯಚಾಮರಾಜೇಂದ್ರ ಒಡೆಯರೇ ಆ ಪುರುಷರು.

ಇವರು ಜನಿಸಿದುದು 1919ನೆಯ ಇಸವಿ ಜುಲೈ 18ರಂದು. ಬಾಲ್ಯದಿಂದಲೇ ಪಿಯಾನೋ ವಾದನದಲ್ಲಿ ಶಿಕ್ಷಣ ಪಡೆದು, ಸಭೆಗಳಲ್ಲಿ ಕಚೇರಿ ನಡೆಸುವ ವಾದಕರಾಗಬೇಕೆಂಬ ಹಂಬಲವನ್ನು ಇಟ್ಟುಕೊಂಡಿದ್ದರು. 1940ನೆಯ ಇಸವಿಯ ಮಾರ್ಚಿಯಲ್ಲಿ ತಂದೆ ಯುವರಾಜ ಕಂಠೀರವ ನರಸಿಂಹರಾಜ ಒಡೆಯರೂ, ಆಗಸ್ಟಿನಲ್ಲಿ ದೊಡ್ಡಪ್ಪಂದಿರಾದ ನಾಲ್ವಡಿ ಕೃಷ್ಣರಾಜ ಒಡೆಯರೂ ದಿವಂಗತರಾದರು. ಇಪ್ಪತ್ತೊಂದು ವರುಷದ ತರುಣರು ಸಿಂಹಾಸನವನ್ನೇರಬೇಕಾಯಿತು. ಕಚೇರಿಯ ಆಸೆ ಅಲ್ಲಿಗೇ ನಿಂತಿತು. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತಶಾಲೆಯ ಲೈಸೆನ್ಷಿಯೇಟ್ ಪದವಿಯೂ, 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜಿನ ಗೌರವ ಫೆಲೋ ಪದವಿಯೂ ಇವರಿಗೆ ಸಂದುವು. ದೊರೆಗಳಿಗೆ ಪದವಿಗಳು ಬರುವುದು ಆಶ್ಚರ್ಯವಲ್ಲವಾದುದರಿಂದ ಕೇವಲ ಇವುಗಳಿಂದ ಯೋಗ್ಯತೆಯನ್ನು ಅಳೆಯುವುದು ಸರಿಯಲ್ಲ.

ಹಾಗಾದರೆ ಯಾವುದರಿಂದ ಅಳೆಯಬೇಕು? ಅವರು ಆರಿಸಿಕೊಂಡ ವಾಗ್ಗೇಯಕಾರನಿಂದ. ನಿಕೊಲಾಯ್ ಮೆಟ್ನರ್ ಎಂಬಾತನು 1880ರಲ್ಲಿ ಮಾಸ್ಕೋ ನಗರದಲ್ಲಿ ಹುಟ್ಟಿದವನು. ಜಗದ್ವಿಖ್ಯಾತನಾದ ರಖ್ಮಾನಿನೋವನ ಮಿತ್ರನು. 1921ರಲ್ಲಿ ದೇಶವನ್ನು ಬಿಟ್ಟು, ಕಡೆಗೆ ಲಂಡನ್ನಿನಲ್ಲಿ ನೆಲಸಿದನು. ಹೊಸ ಮಾರ್ಗದವರು ಸ್ವರಸಂಬಂಧಗಳ ಹಳೆಯ ನಿಯಮಗಳನ್ನೇ ಕಿತ್ತೊಗೆಯುತ್ತಿದ್ದಾಗ, ಈತನು ಅವುಗಳ ಪಕ್ಷವಾಗಿ 1935ರಲ್ಲಿ ಒಂದು ಗ್ರಂಥವನ್ನೇ ಪ್ರಕಟಿಸಿದನು. ಫಲವಾಗಿ ಕೀರ್ತಿಯೂ ಇಲ್ಲ, ದ್ರವ್ಯವೂ ಇಲ್ಲ. ಯುದ್ಧಕಾಲದಲ್ಲಿ ಹೃದ್ರೋಗವೂ ತಗಲಿತು. ಇಂಥವನ ಕೃತಿಗಳನ್ನು ಅವನ ಕೈಯಿಂದಲೇ ನುಡಿಸಿ ಗ್ರಾಮಫೋನು ತಟ್ಟೆಗಳಲ್ಲಿ ಉಳಿಸುವುದಕ್ಕಾಗಿ ಮೈಸೂರಿನ ಮಹಾರಾಜರು ದ್ರವ್ಯವನ್ನು ಒದಗಿಸಿ ಲಂಡನ್ನಿನಲ್ಲಿ ಮೆಟ್ನರ್ ಸಂಘವನ್ನು ಸ್ಥಾಪಿಸಿದರು. ಅರುವತ್ತೇಳು ವರುಷದ ರೋಗಿಯು ಫಿಲ್ಹಾರ್ಮೋನಿಯಾ ವಾದ್ಯಮೇಳದೊಡನೆ ಕುಳಿತು, ಪಿಯಾನೋ ಮತ್ತು ಮೇಳಗಳು ಸಂವಾದ ನಡೆಸುವ ತನ್ನ ಮೂರು ಕನ್ಸರ್ಟೋಗಳನ್ನೂ ನುಡಿಸಿದನು. ಮೂರನೆಯದು ಮಹಾರಾಜರಿಗೇ ಅಂಕಿತವಾಗಿದೆ. 1951ರಲ್ಲಿ ಅವನು ತೀರಿಕೊಂಡನು, ತಟ್ಟೆಗಳು ಉಳಿದುವು.

ಖ್ಯಾತರನ್ನು ಪೋಷಿಸಲು ಧನವೊಂದಿದ್ದರೆ ಸಾಕು. ಅಖ್ಯಾತನನ್ನು ಗುರುತಿಸಲು ಕಿವಿ ಬೇಕು. ಆ ಕಿವಿ ವರ್ಷಗಟ್ಟಲೆ ಪಿಯಾನೋವಿನ ಮುಂದೆ ಕುಳಿತು ಪಡೆದುದೆಂಬುದರಲ್ಲಿ ಸಂದೇಹಕ್ಕೆ ಎಡೆಯಿಲ್ಲ. ರಿಚರ್ಡ್ ಸ್ಟ್ರೌಸನ ಕಡೆಯ ನಾಲ್ಕು ಗೀತಗಳು 1950ರ ಮೇ 22ರಂದು ಲಂಡನ್ನಿನಲ್ಲಿ ಪ್ರಥಮತಃ ಹಾಡಲ್ಪಟ್ಟುದೂ ಇವರ ಧನಸಹಾಯದಿಂದಲೇ. ಆದರೆ ಸ್ಟ್ರೌಸನಿಗೆ ಪೋಷಕರ ಕೊರತೆ ಇರಲಿಲ್ಲ. ಆದುದರಿಂದ ವಿಮರ್ಶಕನ ತಕ್ಕಡಿಯಲ್ಲಿ ಮೆಟ್ನರನ ತಟ್ಟೆಗಳೇ ಹೆಚ್ಚು ತೂಗುವುವು.

ಇಲ್ಲಿ ಒಂದು ಆಕ್ಷೇಪಣೆ ಏಳುವುದು. ಅಕ್ಕಿಗೆ ಅಳತೆಯ ಚೀಟಿ ಹಿಡಿದು ಜನ ನಿಲ್ಲುತ್ತಿದ್ದ ಆ ವರ್ಷಗಳಲ್ಲಿ ರಷ್ಯಾದೇಶದವನೊಬ್ಬನ ಸಂಗೀತಕ್ಕೆ ಕನ್ನಡನಾಡಿನ ಹಣವೇ ಎಂದು ಕೇಳಿದರೆ, ಕೇಳಿದವನು ಅರಸಿಕನೆಂದು ತಳ್ಳಿಹಾಕುವುದು ನ್ಯಾಯವಲ್ಲ. ಆ ಪ್ರಶ್ನೆಗೆ ಸಂಗೀತಶಾಸ್ತ್ರದಲ್ಲಿ ಉತ್ತರವಿಲ್ಲ.

ಇನ್ನು ಕರ್ಣಾಟಕ ಸಂಗೀತದ ವಿಚಾರ. ಮಹಾರಾಜರು ವೀಣೆ ವೆಂಕಟಗಿರಿಯಪ್ಪನವರಲ್ಲಿ ವೀಣೆಯನ್ನು ಕಲಿತರು. ಆಸ್ಥಾನ ವಿದ್ವಾನ್ ಮೈಸೂರು ವಾಸುದೇವಾಚಾರ್ಯರಿಂದ ಶಾಸ್ತ್ರದ ಮರ್ಮಗಳನ್ನರಿತರು. ಶಿಲ್ಪಿ ಸಿದ್ಧಲಿಂಗಸ್ವಾಮಿಗಳಿಂದ ಶ್ರೀವಿದ್ಯಾದೀಕ್ಷೆಯನ್ನು ಪಡೆದು, 'ಶ್ರೀವಿದ್ಯಾ' ಎಂಬ ಅಂಕಿತದಲ್ಲಿ 94 ಕೃತಿಗಳನ್ನು ಸಂಸ್ಕೃತದಲ್ಲಿ ರಚಿಸಿದರು. ಪಿಯಾನೋವಿನಲ್ಲಿ ಸುತ್ತಿಗೆಯು ತಂತಿಯನ್ನು ಹೊಡೆದೊಡನೆ ಸ್ವರವು ಹುಟ್ಟಿ ಕ್ಷೀಣಿಸತೊಡಗುವುದು. ಹುಟ್ಟಿದ ಸ್ವರವನ್ನು ಬೆರಳು ಮತ್ತೆ ಮುಟ್ಟಲಾರದು. ವೀಣೆಯಲ್ಲಾದರೋ ಒಂದೇ ಮೆಟ್ಟಿಲ ಮೇಲೆ ತಂತಿಯನ್ನೆಳೆದು ಮುಂದಿನ ಸ್ವರಗಳನ್ನು ತರಬಹುದು. ಗಮಕದ ಜೀವವೇ ಅದು. ಎರಡನ್ನೂ ಬಲ್ಲವರು ಎರಡನ್ನೂ ಕಲಸಿಬಿಡುವ ಆಮಿಷಕ್ಕೆ ಒಳಗಾಗುವುದು ಸುಲಭ. ಈ ಕೃತಿಗಳಲ್ಲಿ ಆ ಕಲಬೆರಕೆಯಿಲ್ಲ. ಹಲವು ಸ್ವರಗಳನ್ನು ಏಕಕಾಲದಲ್ಲಿ ಕೂಡಿಸುವ ಪಾಶ್ಚಾತ್ಯ ಪದ್ಧತಿ ಇಲ್ಲಿ ಕಾಲಿಡುವುದಿಲ್ಲ. ಅಪೂರ್ವ ರಾಗಗಳೂ ರಾಗಗಳಾಗಿಯೇ ಉಳಿದಿವೆ. ಪಿಯಾನೋ ಕಲಿತುದರ ಫಲವನ್ನು ಇಲ್ಲಿ ಹುಡುಕುವವರು ಬರಿಗೈಯಲ್ಲಿ ಮರಳುವರು. ಅದೇ ಈ ವಾಗ್ಗೇಯಕಾರರ ಹಿರಿಮೆ.

ದೋಷವನ್ನೂ ಹೇಳಬೇಕು. ಸಾಹಿತ್ಯದಲ್ಲಿ ದೇವಿಯ ನಾಮಾವಳಿಗಳೂ ಮಂತ್ರಶಾಸ್ತ್ರದ ಪರಿಭಾಷೆಯೂ ದೀರ್ಘಸಮಾಸಗಳಾಗಿ ಹೆಣೆದುಕೊಂಡು, ಎಷ್ಟೋ ಕಡೆ ಭಾವಕ್ಕಿಂತ ಪಾಂಡಿತ್ಯವೇ ಮುಂದೆ ನಿಲ್ಲುವುದು. ಮುತ್ತುಸ್ವಾಮಿ ದೀಕ್ಷಿತರ ಸಮಾಸಗಳೂ ದೀರ್ಘವೇ; ಆದರೆ ಅವು ವಿಲಂಬಕಾಲದಲ್ಲಿ ತಾವಾಗಿ ಬಿಡಿಸಿಕೊಳ್ಳುವುವು. ಇಲ್ಲಿ ಗಾಯಕನು ಎಚ್ಚರ ತಪ್ಪಿದರೆ ವಿಶೇಷಣವು ಒಂದು ಆವರ್ತದಲ್ಲಿಯೂ ವಿಶೇಷ್ಯವು ಇನ್ನೊಂದರಲ್ಲಿಯೂ ಬಿದ್ದು ಅರ್ಥವು ಅನರ್ಥವಾಗುವುದು. ಅಠಾಣ ರಾಗದ ಗಣಪತಿಕೃತಿ ಇದಕ್ಕೆ ಅಪವಾದ. ಅದು ಎಲ್ಲರ ಬಾಯಲ್ಲಿ ನಿಂತಿರುವುದು ಅಕಾರಣವಲ್ಲ. ನವರಾತ್ರಿಯಲ್ಲಿ ಸರಸ್ವತೀ ಮಂಟಪದಲ್ಲಿ ಉಳಿದ ಕೃತಿಗಳನ್ನು ಹಾಡಬಯಸುವವರು ಸಂಸ್ಕೃತ ಬಲ್ಲವರ ಮುಂದೆ ಸಾಹಿತ್ಯವನ್ನೊಮ್ಮೆ ಓದಿ, ಪದಚ್ಛೇದವನ್ನು ತಿಳಿದುಕೊಂಡು, ಅನಂತರ ತಂಬೂರಿಯನ್ನು ಶ್ರುತಿಮಾಡುವುದು ಯುಕ್ತ.